ಹತ್ತನೆಯ ತರಗತಿಯ ಗಣಿತ: ಎರಡು ಹಂತಗಳು, ಒಂದು ಆಯ್ಕೆ

ಗಣಿತವೆಂದೊಡನೆ ಅಂಜುವ ಮಕ್ಕಳು ಪ್ರತಿಯೊಂದು ಶಾಲೆಯಲ್ಲಿಯೂ ಇದ್ದಾರೆ. ಗಣಿತದಲ್ಲಿಯೇ ಆನಂದ ಕಾಣುವ ಮಕ್ಕಳೂ ಅದೇ ತರಗತಿಯ ಅದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ನೀಡುವುದು ಉಚಿತವೇ, ಅಥವಾ ಸಾಮರ್ಥ್ಯಕ್ಕೆ ತಕ್ಕಂತೆ ಬೇರೆ ಬೇರೆ ಹಾದಿಗಳನ್ನು ತೆರೆಯಬೇಕೇ ಎಂಬುದು ಶಿಕ್ಷಣ ಕ್ಷೇತ್ರದ ಹಳೆಯ ಚರ್ಚೆ.

ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1964ರಿಂದ 1966ರವರೆಗೆ ಕಾರ್ಯನಿರ್ವಹಿಸಿತು. ಅದರ ಶಿಫಾರಸುಗಳನ್ನು ಆಧರಿಸಿದ 1968ರ ರಾಷ್ಟ್ರೀಯ ಶಿಕ್ಷಣ ನೀತಿಯು, ವಿಜ್ಞಾನ ಮತ್ತು ಗಣಿತಗಳು ಸಾಮಾನ್ಯ ಶಿಕ್ಷಣದ ಅವಿಭಾಜ್ಯ ಅಂಗಗಳಾಗಿರಬೇಕೆಂದು ಸಾರಿತು. ಎಲ್ಲರಿಗೂ ಗಣಿತ ಬೇಕೆಂಬುದು ಅಂದಿನಿಂದಲೂ ಒಪ್ಪಿತವಾದ ಮಾತು. ಆದರೆ ಮುಂದೆ ಇಂಜಿನಿಯರ್ ಆಗಲಿರುವ ವಿದ್ಯಾರ್ಥಿಗೂ, ಇತಿಹಾಸವನ್ನೋ ಸಂಗೀತವನ್ನೋ ವ್ಯಾಸಂಗ ಮಾಡಲಿರುವ ವಿದ್ಯಾರ್ಥಿಗೂ ಅದು ಅಷ್ಟೇ ಆಳವಾಗಿ ಬೇಕೇ ಎಂಬ ಪ್ರಶ್ನೆ ಉಳಿದೇ ಇತ್ತು.

ಇದಕ್ಕೆ ಒಂದು ಸುಲಭ ಪರಿಹಾರವೆಂದರೆ ಮಕ್ಕಳನ್ನು ಅಂಕಗಳ ಆಧಾರದ ಮೇಲೆ ಪ್ರತ್ಯೇಕ ವಿಭಾಗಗಳಲ್ಲಿ ಕೂರಿಸುವುದು. ಇದರಲ್ಲಿ ಅಪಾಯವೂ ಅಡಗಿದೆ. ಕೆಳಗಿನ ವಿಭಾಗಕ್ಕೆ ಸೇರಿದ ಮಗುವಿಗೆ ಕಲಿಸುವುದೇ ಕಡಿಮೆಯಾದರೆ ಅದು ಕಲಿಯುವುದೂ ಕಡಿಮೆಯಾಗುತ್ತದೆ. ‘ನನಗೆ ಗಣಿತ ಬಾರದು’ ಎಂಬ ಭಾವನೆ ಮನಸ್ಸಿನಲ್ಲಿ ಬೇರೂರುತ್ತದೆ.

ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿ, ಅಂದರೆ ಸಿ.ಬಿ.ಎಸ್.ಇ., 2019ರ ಜನವರಿಯಲ್ಲಿ ಪ್ರಕಟಿಸಿದ ಯೋಜನೆ ಬೇರೊಂದು ದಾರಿಯನ್ನು ಹಿಡಿಯಿತು. 2020ರ ಹತ್ತನೆಯ ತರಗತಿಯ ಪರೀಕ್ಷೆಯಿಂದ ಗಣಿತಕ್ಕೆ ‘ಸ್ಟ್ಯಾಂಡರ್ಡ್’ ಮತ್ತು ‘ಬೇಸಿಕ್’ ಎಂಬ ಎರಡು ಹಂತಗಳು ಬಂದವು. ಈ ಯೋಜನೆಯಲ್ಲಿ ಪಠ್ಯವಸ್ತು ಒಂದೇ, ಬೋಧನೆ ಒಂದೇ, ಆಂತರಿಕ ಮೌಲ್ಯಮಾಪನವೂ ಒಂದೇ. ಮಕ್ಕಳನ್ನು ಬೇರೆ ಬೇರೆ ಕೊಠಡಿಗಳಲ್ಲಿ ಕೂರಿಸುವಂತಿಲ್ಲ. ವ್ಯತ್ಯಾಸವಿರುವುದು ವರ್ಷಾಂತ್ಯದ ಮಂಡಳಿ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ.

ಆ ವ್ಯತ್ಯಾಸದ ಸ್ವರೂಪವನ್ನು ತಿಳಿಯುವುದು ಅಗತ್ಯ. ಎರಡೂ ಪತ್ರಿಕೆಗಳಿಗೆ 80 ಅಂಕಗಳು. ಮಂಡಳಿಯ 2023-24ರ ಪಠ್ಯಕ್ರಮದಂತೆ, ಸ್ಮರಣೆ ಮತ್ತು ಗ್ರಹಿಕೆಯನ್ನು ಪರೀಕ್ಷಿಸುವ ಪ್ರಶ್ನೆಗಳಿಗೆ ಸ್ಟ್ಯಾಂಡರ್ಡ್ ಪತ್ರಿಕೆಯಲ್ಲಿ 43 ಅಂಕಗಳಿದ್ದರೆ ಬೇಸಿಕ್ ಪತ್ರಿಕೆಯಲ್ಲಿ 60 ಅಂಕಗಳು. ಅನ್ವಯಕ್ಕೆ ಕ್ರಮವಾಗಿ 19 ಮತ್ತು 12. ವಿಶ್ಲೇಷಣೆಯಂತಹ ಉನ್ನತ ಚಿಂತನೆಗೆ 18 ಮತ್ತು 8. ಉದಾಹರಣೆಗೆ, ವರ್ಗ ಸಮೀಕರಣವೊಂದನ್ನು ಕೊಟ್ಟು ಅದರ ಮೂಲಗಳನ್ನು ಕಂಡುಹಿಡಿಯಲು ಹೇಳುವುದು ಒಂದು ಬಗೆ. ‘ರೈಲೊಂದು 300 ಕಿಲೋಮೀಟರ್ ದೂರವನ್ನು ಸಮವೇಗದಲ್ಲಿ ಕ್ರಮಿಸುತ್ತದೆ. ವೇಗವು ಗಂಟೆಗೆ 10 ಕಿಲೋಮೀಟರ್ ಹೆಚ್ಚಾಗಿದ್ದರೆ ಒಂದು ಗಂಟೆ ಉಳಿಯುತ್ತಿತ್ತು; ಹಾಗಾದರೆ ಅದರ ವೇಗವೆಷ್ಟು?’ ಎಂದು ಕೇಳುವುದು ಇನ್ನೊಂದು ಬಗೆ. ಉತ್ತರ ಗಂಟೆಗೆ 50 ಕಿಲೋಮೀಟರ್. ಎರಡಕ್ಕೂ ಬೇಕಾದ ಪಾಠ ಒಂದೇ. ಆದರೆ ಎರಡನೆಯದರಲ್ಲಿ ಸಮೀಕರಣವನ್ನು ವಿದ್ಯಾರ್ಥಿಯೇ ರಚಿಸಿಕೊಳ್ಳಬೇಕು. ಎರಡೂ ಬಗೆಯ ಪ್ರಶ್ನೆಗಳು ಎರಡೂ ಪತ್ರಿಕೆಗಳಲ್ಲಿರುತ್ತವೆ. ಅವುಗಳ ಪ್ರಮಾಣ ಮಾತ್ರ ಬೇರೆ.

ಬೇಸಿಕ್ ಆರಿಸಿಕೊಂಡರೆ ಅಂಕಗಳು ಹೆಚ್ಚು ದೊರೆಯಬಹುದೆಂಬ ಲೆಕ್ಕಾಚಾರ ಸಹಜ. ಆದರೆ ಆಯ್ಕೆಯ ನಿಜವಾದ ಪರಿಣಾಮ ಕಾಣುವುದು ಹನ್ನೊಂದನೆಯ ತರಗತಿಯಲ್ಲಿ. ಅಲ್ಲಿ ‘ಗಣಿತ’ ಮತ್ತು 2020-21ರಲ್ಲಿ ಪ್ರಾರಂಭವಾದ ‘ಅನ್ವಯಿಕ ಗಣಿತ’ ಎಂಬ ಎರಡು ವಿಷಯಗಳಿವೆ. ಮೂಲ ನಿಯಮದಂತೆ ಸ್ಟ್ಯಾಂಡರ್ಡ್‌ನಲ್ಲಿ ಉತ್ತೀರ್ಣರಾದವರಿಗೆ ಮಾತ್ರ ‘ಗಣಿತ’ದ ಬಾಗಿಲು ತೆರೆದಿರುತ್ತದೆ, ಬೇಸಿಕ್ ವಿದ್ಯಾರ್ಥಿಗಳಿಗೆ ಉಳಿಯುವುದು ಅನ್ವಯಿಕ ಗಣಿತ. ಕೋವಿಡ್ ಸಾಂಕ್ರಾಮಿಕದ ಹಿನ್ನೆಲೆಯಲ್ಲಿ 2020-21ರಲ್ಲಿ ಮಂಡಳಿಯು ಈ ನಿರ್ಬಂಧವನ್ನು ಸಡಿಲಿಸಿ, ವಿದ್ಯಾರ್ಥಿಯ ಅಭಿರುಚಿ ಮತ್ತು ಸಾಮರ್ಥ್ಯದ ಬಗ್ಗೆ ಶಾಲೆಯ ಮುಖ್ಯಸ್ಥರಿಗೆ ಮನವರಿಕೆಯಾದರೆ ಪ್ರವೇಶ ನೀಡಬಹುದೆಂದಿತು. ಅನಂತರದ ವರ್ಷಗಳಲ್ಲಿಯೂ ಆ ಸಡಿಲಿಕೆಯನ್ನು ಮುಂದುವರಿಸಲಾಯಿತು. ಆದರೆ ವರ್ಷ ವರ್ಷವೂ ವಿಸ್ತರಿಸಲ್ಪಟ್ಟ ವಿನಾಯಿತಿಯನ್ನು ಶಾಶ್ವತವಾದ ಹಕ್ಕೆಂದು ಭಾವಿಸುವುದು ಜಾಣತನವಲ್ಲ.

ಉದ್ಯೋಗ ನಿಮಿತ್ತ ದೆಹಲಿ, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಅನೇಕ ಮಕ್ಕಳು ಕೇಂದ್ರೀಯ ವಿದ್ಯಾಲಯಗಳಲ್ಲಿ ಮತ್ತು ಈ ಮಂಡಳಿಗೆ ಸೇರಿದ ಇತರ ಶಾಲೆಗಳಲ್ಲಿ ಓದುತ್ತಿದ್ದಾರೆ. ಕರ್ನಾಟಕದ ಎಸ್.ಎಸ್.ಎಲ್.ಸಿ. ಪದ್ಧತಿಯಲ್ಲಿ ಓದಿ ಬಂದ ತಂದೆತಾಯಿಗಳಲ್ಲಿ ಹಲವರಿಗೆ ಇಂತಹ ಆಯ್ಕೆ ಹೊಸದು. ಪರೀಕ್ಷಾರ್ಥಿಗಳ ಪಟ್ಟಿಯನ್ನು ಶಾಲೆಯು ಮಂಡಳಿಗೆ ಸಲ್ಲಿಸುವಾಗಲೇ ಹಂತವೂ ದಾಖಲಾಗುವುದರಿಂದ, ವಿಚಾರ ವಿನಿಮಯ ಅದಕ್ಕೆ ಮೊದಲೇ ನಡೆಯಬೇಕು.

ಆ ವಿಚಾರ ವಿನಿಮಯದಲ್ಲಿ ಒಂಬತ್ತನೆಯ ತರಗತಿಯ ಅಂಕಪಟ್ಟಿಗಿಂತ ಮುಂದಿನ ವ್ಯಾಸಂಗದ ಗುರಿಗೆ ಹೆಚ್ಚಿನ ತೂಕವಿರಬೇಕು. ಇಂಜಿನಿಯರಿಂಗ್ ಪ್ರವೇಶಕ್ಕಾಗಿ ನಡೆಯುವ ಜೆ.ಇ.ಇ. ಪರೀಕ್ಷೆಯಲ್ಲಿ ಗಣಿತ ಅನಿವಾರ್ಯ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ನೌಕಾ ಮತ್ತು ವಾಯು ವಿಭಾಗಗಳಿಗೂ ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಬೇಕು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆಯಿಲ್ಲ. ಅರ್ಥಶಾಸ್ತ್ರ, ವಾಣಿಜ್ಯಗಳ ಪದವಿಗೆ ವಿಶ್ವವಿದ್ಯಾಲಯಗಳ ನಿಯಮಗಳು ಬೇರೆ ಬೇರೆಯಾಗಿರುವುದರಿಂದ ಅವುಗಳನ್ನು ಮುಂಚಿತವಾಗಿ ಪರಿಶೀಲಿಸುವುದು ಕ್ಷೇಮ. ಹದಿನೈದರ ವಯಸ್ಸಿನಲ್ಲಿ ಗುರಿ ಇನ್ನೂ ಸ್ಪಷ್ಟವಾಗಿಲ್ಲದಿದ್ದರೆ, ಸ್ವಲ್ಪ ಹೆಚ್ಚಿನ ಶ್ರಮವಾದರೂ ಸ್ಟ್ಯಾಂಡರ್ಡ್ ಹಂತವೇ ಹೆಚ್ಚು ದಾರಿಗಳನ್ನು ಉಳಿಸುತ್ತದೆ. ಗಣಿತದ ಅಗತ್ಯವಿಲ್ಲದ ಹಾದಿಯನ್ನು ಯೋಚಿಸಿ ಆರಿಸಿಕೊಂಡ ವಿದ್ಯಾರ್ಥಿಗೆ ಬೇಸಿಕ್ ಹಂತವು ಅನಗತ್ಯ ಒತ್ತಡವನ್ನು ತಗ್ಗಿಸುತ್ತದೆ. ಅದರಲ್ಲಿ ನಾಚಿಕೆಪಡುವಂತಹುದು ಏನೂ ಇಲ್ಲ.

ಎಲ್ಲ ವಿಷಯಗಳನ್ನೂ, ಗಣಿತದಿಂದ ಆರಂಭಿಸಿ, ಎರಡು ಹಂತಗಳಲ್ಲಿ ನೀಡಬಹುದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸೂಚಿಸಿದೆ. ಇಂತಹ ವ್ಯವಸ್ಥೆಯ ಯಶಸ್ಸು ಶಿಕ್ಷಕರನ್ನೂ ಪಾಲಕರನ್ನೂ ಅವಲಂಬಿಸಿದೆ. ಬೇಸಿಕ್ ಆರಿಸಿಕೊಂಡ ವಿದ್ಯಾರ್ಥಿಯನ್ನು ಕರಿಹಲಗೆಯ ಬಳಿಗೆ ಕರೆಯುವುದನ್ನು ಶಿಕ್ಷಕರು ನಿಲ್ಲಿಸಬಾರದು. ಶಾಲೆಯ ಫಲಿತಾಂಶ ಉತ್ತಮಗೊಳ್ಳಲೆಂದು ಯಾವ ಮಗುವನ್ನೂ ಆ ಹಂತಕ್ಕೆ ತಳ್ಳಬಾರದು. ಮನೆಯ ಪ್ರತಿಷ್ಠೆಗಾಗಿ ಸ್ಟ್ಯಾಂಡರ್ಡ್ ಹಂತವನ್ನು ಮಗುವಿನ ಮೇಲೆ ಹೇರುವುದೂ ಸರಿಯಲ್ಲ. ಪಾಲಕರು, ಶಿಕ್ಷಕರು ಮತ್ತು ವಿದ್ಯಾರ್ಥಿ ಒಟ್ಟಿಗೆ ಕುಳಿತು, ಆ ವರ್ಷದ ಮಂಡಳಿಯ ಸುತ್ತೋಲೆಯನ್ನು ಓದಿ ಕೈಗೊಂಡ ನಿರ್ಧಾರವೇ ಮಗುವಿನ ಭವಿಷ್ಯಕ್ಕೆ ಹಿತಕರವಾದದ್ದು.