ಮೈಲುತುತ್ತದ ನೀರು, ಕಬ್ಬಿಣದ ಚಾಕು: ಕೋಶ ವಿಭವದ ಲೆಕ್ಕ

ಮೈಲುತುತ್ತ ಕರಗಿಸಿದ ನೀರಿನಲ್ಲಿ ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಅದ್ದಿದರೆ ಸ್ವಲ್ಪ ಹೊತ್ತಿನಲ್ಲೇ ಅದರ ಅಲಗಿಗೆ ಕೆಂಪು ಲೇಪ ಹತ್ತುತ್ತದೆ. ಆ ಲೇಪ ಶುದ್ಧ ತಾಮ್ರ. ಅದೇ ನೀರಿಗೆ ಸಾಕಷ್ಟು ಸುಣ್ಣದ ತಿಳಿ ಬೆರೆಸಿ ಮತ್ತೊಂದು ಹೊಳೆಯುವ ಚಾಕು ಅದ್ದಿದರೆ ಅಲಗು ಇದ್ದ ಹಾಗೇ ಇರುತ್ತದೆ. ಅಥಣಿ ತಾಲ್ಲೂಕಿನ ಐಗಳಿ, ತೆಲಸಂಗ ಕಡೆಯ ದ್ರಾಕ್ಷಿ ಬೆಳೆಗಾರರಿಗೂ ಮಲೆನಾಡಿನ ಅಡಿಕೆ ತೋಟದವರಿಗೂ ಪರಿಚಿತವಾದ ಬೋರ್ಡೋ ದ್ರಾವಣದ ಪರೀಕ್ಷೆ ಇದೇ. ಚಾಕು ಕೆಂಪಾದರೆ ಸುಣ್ಣ ಸಾಲದು. ಕೆಂಪಾಗದಿದ್ದರೆ ದ್ರಾವಣ ಸಿಂಪಡಣೆಗೆ ಸಿದ್ಧ. ಈ ಪರೀಕ್ಷೆಯ ಹಿಂದೆ ವಿದ್ಯುತ್ ರಸಾಯನಶಾಸ್ತ್ರದ ಒಂದು ಮುಖ್ಯ ಲೆಕ್ಕವಿದೆ. ಕೋಶದೊಳಗಿನ ದ್ರಾವಣ ಪುಸ್ತಕದಲ್ಲಿ ಹೇಳಿದ ಪ್ರಮಾಣಿತ ಸ್ಥಿತಿಯಲ್ಲಿ ಇಲ್ಲದಿರುವಾಗ ಅದರ ವಿಭವ, ಅಂದರೆ ವೋಲ್ಟೇಜು, ಎಷ್ಟಿರುತ್ತದೆ ಎಂಬುದೇ ಆ ಲೆಕ್ಕ.

ಮೊದಲು ಕ್ರಿಯೆಯನ್ನು ನೋಡಬೇಕು. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ನೀರಿನಲ್ಲಿ ಕರಗಿದಾಗ ತಾಮ್ರವು ಎರಡು ಧನ ವಿದ್ಯುದಂಶವುಳ್ಳ ಅಯಾನುಗಳಾಗಿ ಬಿಡಿಬಿಡಿಯಾಗುತ್ತದೆ. ಕಬ್ಬಿಣದ ಪರಮಾಣು ತನ್ನ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ ನೀರಿಗಿಳಿಯುತ್ತದೆ, ಇದು ಉತ್ಕರ್ಷಣ. ತಾಮ್ರದ ಅಯಾನು ಆ ಎರಡು ಎಲೆಕ್ಟ್ರಾನುಗಳನ್ನು ಪಡೆದು ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ, ಇದು ಅಪಕರ್ಷಣ. ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ನಡೆಸಿ, ನಡುವೆ ಲವಣಸೇತುವೆ ಇಟ್ಟು, ಲೋಹಗಳನ್ನು ತಂತಿಯಿಂದ ಜೋಡಿಸಿದರೆ ಎಲೆಕ್ಟ್ರಾನುಗಳು ತಂತಿಯ ಮೂಲಕ ಹರಿಯುತ್ತವೆ. ಈ ಜೋಡಣೆಯೇ ಕೋಶ, ಅಂದರೆ ಬ್ಯಾಟರಿ. ಚಾಕುವಿನ ಮೇಲೆ ನಡೆಯುವುದೂ ಇದೇ ಕ್ರಿಯೆ. ತಂತಿಯ ಕೆಲಸವನ್ನು ಅಲಗೇ ಮಾಡುತ್ತದೆ.

ಯಾವ ಲೋಹ ಎಲೆಕ್ಟ್ರಾನು ಬಿಡುತ್ತದೆ, ಯಾವುದು ಪಡೆಯುತ್ತದೆ ಎಂಬುದನ್ನು ಪ್ರಮಾಣಿತ ವಿದ್ಯುದ್ವಾರ ವಿಭವಗಳ ಕೋಷ್ಟಕ ಹೇಳುತ್ತದೆ. ಈ ಕೋಷ್ಟಕದಲ್ಲಿ ಜಲಜನಕದ ವಿದ್ಯುದ್ವಾರಕ್ಕೆ ಸೊನ್ನೆ ಎಂದು ಒಪ್ಪಿಕೊಳ್ಳಲಾಗಿದೆ. ಆ ಅಳತೆಯಲ್ಲಿ ತಾಮ್ರದ್ದು ಧನ 0.34 ವೋಲ್ಟ್, ಕಬ್ಬಿಣದ್ದು ಋಣ 0.44 ವೋಲ್ಟ್, ಸತುವಿನದು ಋಣ 0.76 ವೋಲ್ಟ್. ಅಪಕರ್ಷಣ ನಡೆಯುವ ಕಡೆಯ ಅಂಕಿಯಿಂದ ಉತ್ಕರ್ಷಣ ನಡೆಯುವ ಕಡೆಯ ಅಂಕಿಯನ್ನು ಕಳೆದರೆ ಕೋಶದ ಪ್ರಮಾಣಿತ ವಿಭವ ಸಿಗುತ್ತದೆ. ಕಬ್ಬಿಣ-ತಾಮ್ರದ ಜೋಡಿಗೆ ಅದು 0.78 ವೋಲ್ಟ್. ಸತು-ತಾಮ್ರದ ಜೋಡಿಗೆ 1.10 ವೋಲ್ಟ್, 1836ರಲ್ಲಿ ಇಂಗ್ಲೆಂಡಿನ ಜಾನ್ ಫ್ರೆಡರಿಕ್ ಡೇನಿಯಲ್ ರೂಪಿಸಿದ ಕೋಶ ಈ ಜೋಡಿಯದೇ. ಉತ್ತರ ಧನವಾಗಿದ್ದರೆ ಕ್ರಿಯೆ ತಾನಾಗಿ ನಡೆಯುವ ದಿಕ್ಕು ಅದು. ಋಣವಾಗಿದ್ದರೆ ದಿಕ್ಕು ತಿರುಗುಮುರುಗು.

ಆದರೆ ಕೋಷ್ಟಕದ ಅಂಕಿಗಳಿಗೆ ಷರತ್ತುಗಳಿವೆ. ಪ್ರತಿ ಅಯಾನಿನ ಸಾರತೆ ಲೀಟರಿಗೆ 1 ಮೋಲ್ ಇರಬೇಕು, ಅನಿಲಗಳಿದ್ದರೆ ಅವುಗಳ ಒತ್ತಡ 1 ಬಾರ್ ಇರಬೇಕು. ಕೋಷ್ಟಕಗಳನ್ನು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ ಉಷ್ಣತೆಗೆ ಕೊಡುತ್ತಾರೆ. ತೋಟದ ಡ್ರಮ್ಮಿನಲ್ಲಿ ಈ ಷರತ್ತುಗಳು ಯಾವುವೂ ಕೂಡಿಬರುವುದಿಲ್ಲ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, ಅಂದರೆ ಲೀಟರಿಗೆ 10 ಗ್ರಾಂ. ಮೈಲುತುತ್ತದ ಒಂದು ಮೋಲಿನ ತೂಕ ಸುಮಾರು 250 ಗ್ರಾಂ. ಹಾಗಾಗಿ ತಾಮ್ರದ ಅಯಾನಿನ ಸಾರತೆ 0.04 ಮೋಲ್ ಮಾತ್ರ. ಕಬ್ಬಿಣದ ಅಯಾನು ಆರಂಭದಲ್ಲಿ ನೀರಿನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬೇಸಿಗೆಯ ಮಧ್ಯಾಹ್ನದ ಉಷ್ಣತೆ 40 ಡಿಗ್ರಿಯ ಹತ್ತಿರ ಹೋಗುವುದೂ ಉಂಟು.

ಇಂಥ ಸ್ಥಿತಿಯಲ್ಲಿ ವಿಭವ ಕಂಡುಹಿಡಿಯುವ ಸೂತ್ರವನ್ನು 1889ರಲ್ಲಿ ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ ಕೊಟ್ಟ. ರಸಾಯನಶಾಸ್ತ್ರದ 1920ರ ನೊಬೆಲ್ ಪ್ರಶಸ್ತಿ ಆತನಿಗೆ ಸಂದಿತು, ಅದು ಉಷ್ಣರಸಾಯನದ ಕೆಲಸಕ್ಕಾಗಿ. ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದ ಪಿಯರ್ ಮಿಯಾರ್ಡೆ ದ್ರಾಕ್ಷಿಯ ಡೌನಿ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಪ್ರಕಟಿಸಿದ್ದು 1885ರಲ್ಲಿ. ಅಂದರೆ ಔಷಧಿ ಮತ್ತು ಅದರ ಲೆಕ್ಕ ನಾಲ್ಕೇ ವರ್ಷಗಳ ಅಂತರದಲ್ಲಿ ಬಂದವು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗಕ್ಕೆ ಇದೇ ದ್ರಾವಣವನ್ನು ಬಳಕೆಗೆ ತಂದರು.

ನರ್ನ್‌ಸ್ಟ್ ಸೂತ್ರವನ್ನು ಮಾತಿನಲ್ಲಿ ಹೀಗೆ ಹೇಳಬಹುದು. 0.0592 ಎಂಬ ಸಂಖ್ಯೆಯನ್ನು ಕ್ರಿಯೆಯಲ್ಲಿ ಕೈಬದಲಾಗುವ ಎಲೆಕ್ಟ್ರಾನುಗಳ ಸಂಖ್ಯೆಯಿಂದ ಭಾಗಿಸಬೇಕು. ಬಂದದ್ದನ್ನು ಕ್ರಿಯಾ ಭಾಗಲಬ್ಧದ ಲಘುಗಣಕದಿಂದ ಗುಣಿಸಬೇಕು. ಆ ಗುಣಲಬ್ಧವನ್ನು ಪ್ರಮಾಣಿತ ವಿಭವದಿಂದ ಕಳೆದರೆ ಉಳಿಯುವುದೇ ಕೋಶದ ನಿಜವಾದ ವಿಭವ. ಕ್ರಿಯಾ ಭಾಗಲಬ್ಧ ಎಂದರೆ ಕ್ರಿಯೆಯಿಂದ ಹುಟ್ಟುವ ವಸ್ತುಗಳ ಸಾರತೆಯನ್ನು ಕ್ರಿಯೆಗೆ ಬಳಕೆಯಾಗುವ ವಸ್ತುಗಳ ಸಾರತೆಯಿಂದ ಭಾಗಿಸಿದ ಸಂಖ್ಯೆ. ಸಮೀಕರಣದಲ್ಲಿ ಒಂದು ವಸ್ತುವಿನ ಎರಡು ಮೋಲ್ ಇದ್ದರೆ ಅದರ ಸಾರತೆಯನ್ನು ವರ್ಗ ಮಾಡಬೇಕು. ಘನ ರೂಪದ ಲೋಹಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಾಕು ಸಣ್ಣದಿರಲಿ ದೊಡ್ಡದಿರಲಿ ವಿಭವ ಬದಲಾಗದಿರುವುದಕ್ಕೆ ಕಾರಣ ಇದೇ.

ಈಗ ಡ್ರಮ್ಮಿನ ಲೆಕ್ಕ. ಎಲೆಕ್ಟ್ರಾನುಗಳ ಸಂಖ್ಯೆ 2. ಆದ್ದರಿಂದ ಗುಣಕ 0.0592ರ ಅರ್ಧ, 0.0296. ಹುಟ್ಟುವ ವಸ್ತು ಕಬ್ಬಿಣದ ಅಯಾನು. ಅದು ಲೀಟರಿಗೆ ಮೋಲಿನ ಹತ್ತು ಲಕ್ಷದಲ್ಲಿ ಒಂದು ಭಾಗ ಇದೆ ಎಂದು ಹಿಡಿಯೋಣ. ಬಳಕೆಯಾಗುವ ತಾಮ್ರದ ಅಯಾನು 0.04 ಮೋಲ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.000025. ಇದರ ಲಘುಗಣಕ ಋಣ 4.60. 0.0296ರಿಂದ ಗುಣಿಸಿದರೆ ಋಣ 0.136. ಋಣ ಸಂಖ್ಯೆಯನ್ನು ಕಳೆಯುವುದೆಂದರೆ ಕೂಡುವುದು. 0.78ಕ್ಕೆ 0.136 ಕೂಡಿದರೆ ಸುಮಾರು 0.92 ವೋಲ್ಟ್. ಕೋಷ್ಟಕ ಹೇಳಿದ್ದಕ್ಕಿಂತ ಇದು ಹೆಚ್ಚು. ತಾಮ್ರದ ಸಾರತೆ ಕಡಿಮೆಯಿದ್ದರೂ ಕಬ್ಬಿಣದ ಅಯಾನು ಅದಕ್ಕಿಂತ ಬಹಳ ಕಡಿಮೆ ಇರುವುದರಿಂದ ಕ್ರಿಯೆ ಮುಂದಕ್ಕೆ ಹೋಗುವ ಒತ್ತಡ ಹೆಚ್ಚಿದೆ.

ಚಾಕುವನ್ನು ಹಾಗೇ ಬಿಟ್ಟರೆ ತಾಮ್ರದ ಅಯಾನು ಇಳಿಯುತ್ತಾ, ಕಬ್ಬಿಣದ್ದು ಏರುತ್ತಾ ಹೋಗುತ್ತದೆ. ಎರಡೂ 0.02 ಮೋಲ್ ಆದ ಗಳಿಗೆಯಲ್ಲಿ ಭಾಗಲಬ್ಧ 1, ಅದರ ಲಘುಗಣಕ ಸೊನ್ನೆ, ವಿಭವ ಸರಿಯಾಗಿ 0.78 ವೋಲ್ಟ್. ತಾಮ್ರದ ಅಯಾನು ಸಾವಿರಕ್ಕೆ ಒಂದರಷ್ಟು ಉಳಿದಾಗ ಭಾಗಲಬ್ಧ ಸುಮಾರು 1000, ವಿಭವ 0.69 ವೋಲ್ಟ್. ವಿಭವ ಸೊನ್ನೆಗೆ ಬರಬೇಕಾದರೆ ಭಾಗಲಬ್ಧ 1ರ ಮುಂದೆ 26 ಸೊನ್ನೆ ಇಟ್ಟಷ್ಟಾಗಬೇಕು. ಸೊನ್ನೆ ವಿಭವದ ಆ ಸ್ಥಿತಿಯೇ ರಾಸಾಯನಿಕ ಸಮತೋಲ, ಆ ಭಾಗಲಬ್ಧವೇ ಸಮತೋಲ ಸ್ಥಿರಾಂಕ. ಪ್ರಮಾಣಿತ ವಿಭವ ಗೊತ್ತಿದ್ದರೆ ಸಮತೋಲ ಸ್ಥಿರಾಂಕವನ್ನು ಹೀಗೆ ನೇರವಾಗಿ ಲೆಕ್ಕ ಹಾಕಬಹುದು.

ಸುಣ್ಣ ಬಿದ್ದಾಗ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಸುಣ್ಣದ ಹೈಡ್ರಾಕ್ಸೈಡ್ ಅಯಾನುಗಳು ತಾಮ್ರವನ್ನು ಹಿಡಿದು ಕರಗದ ನೀಲಿ ಕೆಸರಾಗಿಸುತ್ತವೆ. ಈ ಕೆಸರನ್ನು ತಾಮ್ರದ ಹೈಡ್ರಾಕ್ಸೈಡ್ ಎಂದು ಎಣಿಸಿದರೆ, ಪಿಎಚ್ ಒಂದು ಅಂಕ ಏರಿದಾಗಲೆಲ್ಲ ಬಿಡಿ ತಾಮ್ರದ ಅಯಾನು ಹಿಂದಿನ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ವಿಭವ 0.059 ವೋಲ್ಟ್ ತಗ್ಗುತ್ತದೆ. ಪಿಎಚ್ 9ರಲ್ಲಿ ಲೀಟರಿಗೆ ಉಳಿಯುವ ಬಿಡಿ ತಾಮ್ರ ಮೋಲಿನ ಸಾವಿರ ಕೋಟಿಯಲ್ಲಿ 2 ಭಾಗ. ಆರಂಭದ 0.04ಕ್ಕೆ ಹೋಲಿಸಿದರೆ ಇದು 20 ಕೋಟಿ ಪಟ್ಟು ಕಡಿಮೆ. ಕಬ್ಬಿಣದ ಅಯಾನನ್ನು ಮೊದಲ ಲೆಕ್ಕದಷ್ಟೇ ಎಂದು ಹಿಡಿದರೆ ಭಾಗಲಬ್ಧ ಈಗ 5000, ಲಘುಗಣಕ 3.70, ಕಳೆಯಬೇಕಾದದ್ದು 0.11. ಉಳಿದ ವಿಭವ 0.67 ವೋಲ್ಟ್.

ಇಲ್ಲಿ ಎರಡು ಪಾಠಗಳಿವೆ. ಸಾರತೆ 20 ಕೋಟಿ ಪಟ್ಟು ಇಳಿದರೂ ವಿಭವ ಇಳಿದದ್ದು ಕಾಲು ವೋಲ್ಟ್ ಮಾತ್ರ. ಲಘುಗಣಕದ ಸ್ವಭಾವವೇ ಹಾಗೆ: ಸಾರತೆ ಹತ್ತು ಪಟ್ಟು ಬದಲಾದಾಗಲೆಲ್ಲ ಎರಡು ಎಲೆಕ್ಟ್ರಾನಿನ ಕ್ರಿಯೆಯಲ್ಲಿ ವಿಭವ ಸುಮಾರು 0.03 ವೋಲ್ಟ್ ಸರಿಯುತ್ತದೆ, ಅಷ್ಟೇ. ಎರಡನೆಯ ಪಾಠ ಇನ್ನೂ ಮುಖ್ಯವಾದುದು. 0.67 ವೋಲ್ಟ್ ಧನ ಸಂಖ್ಯೆ. ಸೂತ್ರದ ಪ್ರಕಾರ ತಾಮ್ರ ಈಗಲೂ ಚಾಕುವಿನ ಮೇಲೆ ಕೂರಬೇಕು. ಕೂರುವುದಿಲ್ಲ. ಏಕೆಂದರೆ ನರ್ನ್‌ಸ್ಟ್ ಸೂತ್ರ ಹೇಳುವುದು ಕ್ರಿಯೆಯ ದಿಕ್ಕನ್ನು ಮತ್ತು ಒತ್ತಡವನ್ನು, ವೇಗವನ್ನಲ್ಲ. ಸುಣ್ಣ ಬೀಳುವ ಮೊದಲು ಒಂದು ಲೀಟರಿನಲ್ಲಿ ಎರಡೂವರೆ ಗ್ರಾಂ ತಾಮ್ರ ಅಯಾನಾಗಿ ಓಡಾಡುತ್ತಿತ್ತು. ಈಗ ಇರುವ ಬಿಡಿ ಅಯಾನು ಒಂದು ಗ್ರಾಮಿನ ಕೋಟಿಯ ಒಂದು ಭಾಗಕ್ಕಿಂತ ಎಷ್ಟೋ ಕಡಿಮೆ. ಚಾಕು ಅದ್ದಿಟ್ಟ ಅಲ್ಪ ಕಾಲದಲ್ಲಿ ಅಲಗನ್ನು ಮುಟ್ಟುವ ಅಯಾನುಗಳು ಕಣ್ಣಿಗೆ ಕಾಣುವ ಲೇಪಕ್ಕೆ ಸಾಲುವುದಿಲ್ಲ. ಜೊತೆಗೆ ಕ್ಷಾರದ ನೀರಿನಲ್ಲಿ ಕಬ್ಬಿಣದ ಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಂಡು ಅದನ್ನು ಕಾಯುತ್ತದೆ. ಎಲೆಯನ್ನು ಸುಡುವುದೂ ಇದೇ ಬಿಡಿ ತಾಮ್ರ. ಆದ್ದರಿಂದ ಚಾಕು ಕೆಂಪಾಗದಿದ್ದರೆ ಎಲೆಗೂ ಅಪಾಯ ಕಡಿಮೆ ಎಂಬ ರೈತರ ತೀರ್ಮಾನ ಸರಿಯಾದದ್ದು.

ಉಷ್ಣತೆಯ ಪಾತ್ರ ಚಿಕ್ಕದು. 0.0592 ಎಂಬುದು 25 ಡಿಗ್ರಿಯ ಅಂಕಿ. ಅನಿಲ ಸ್ಥಿರಾಂಕ 8.314, ಕೆಲ್ವಿನ್ ಮಾನದ ಉಷ್ಣತೆ ಮತ್ತು 2.303, ಈ ಮೂರನ್ನು ಗುಣಿಸಿ ಫ್ಯಾರಡೆ ಸ್ಥಿರಾಂಕ 96,485ರಿಂದ ಭಾಗಿಸಿದರೆ ಅದು ಬರುತ್ತದೆ. 40 ಡಿಗ್ರಿಯಲ್ಲಿ ಅದು 0.0621. ಮೇಲಿನ ಮೊದಲ ಲೆಕ್ಕದಲ್ಲಿ ಇದರಿಂದಾಗುವ ವ್ಯತ್ಯಾಸ 0.007 ವೋಲ್ಟ್. ಉಷ್ಣತೆಯೊಂದಿಗೆ ಪ್ರಮಾಣಿತ ವಿಭವವೂ ಸ್ವಲ್ಪ ಸರಿಯುವುದರಿಂದ ನಿಖರ ಕೆಲಸಕ್ಕೆ ಎರಡನ್ನೂ ತಿದ್ದಬೇಕು. ಇನ್ನೊಂದು ತಿದ್ದುಪಡಿಯೂ ಉಂಟು. ವಿರುದ್ಧ ವಿದ್ಯುದಂಶದ ಅಯಾನುಗಳು ಒಂದನ್ನೊಂದು ಸೆಳೆಯುವುದರಿಂದ ದ್ರಾವಣದಲ್ಲಿ ಪರಿಣಾಮ ಬೀರುವ ಸಾರತೆ ತೂಗಿ ಹಾಕಿದ್ದಕ್ಕಿಂತ ಕಡಿಮೆ. 0.04 ಮೋಲ್ ಮೈಲುತುತ್ತದಲ್ಲಿ ಇದರಿಂದ ವಿಭವ 0.01ರಿಂದ 0.02 ವೋಲ್ಟ್‌ನಷ್ಟು ತಗ್ಗುತ್ತದೆ.

ಇದೇ ಸೂತ್ರ ಟ್ರ್ಯಾಕ್ಟರಿನ ಬ್ಯಾಟರಿಯಲ್ಲೂ ಕೆಲಸ ಮಾಡುತ್ತದೆ. ಸೀಸದ ಬ್ಯಾಟರಿ ವಿದ್ಯುತ್ ಕೊಡುವಾಗ ಗಂಧಕಾಮ್ಲ ಬಳಕೆಯಾಗಿ ನೀರು ಹುಟ್ಟುತ್ತದೆ. ಆಮ್ಲ ತೆಳುವಾದಂತೆ ಭಾಗಲಬ್ಧ ಏರುತ್ತದೆ, ವಿಭವ ಇಳಿಯುತ್ತದೆ. ಬ್ಯಾಟರಿ ಅಂಗಡಿಯವರು ಹೈಡ್ರೋಮೀಟರಿನಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆ ನೋಡುವುದು ಇದಕ್ಕೇ. ಆ ಅಂಕಿಗೆ 0.84 ಕೂಡಿದರೆ ಒಂದು ಕೋಶದ ವಿಭವ ಸರಿಸುಮಾರಾಗಿ ಸಿಗುತ್ತದೆ. ಪೂರ್ತಿ ಚಾರ್ಜಾದಾಗ 1.28 ಇದ್ದರೆ ಕೋಶಕ್ಕೆ 2.12 ವೋಲ್ಟ್, ಆರು ಕೋಶಕ್ಕೆ 12.7. ಸಾಂದ್ರತೆ 1.15ಕ್ಕೆ ಇಳಿದರೆ ಒಟ್ಟು 12ಕ್ಕಿಂತ ಕೆಳಗೆ. ಮಣ್ಣು ಪರೀಕ್ಷಾ ಕೇಂದ್ರದ ಪಿಎಚ್ ಮೀಟರ್ ಇದೇ ಸೂತ್ರವನ್ನು ಹಿಂದುಮುಂದಾಗಿ ಬಳಸುತ್ತದೆ: ವಿಭವವನ್ನು ಅಳೆದು, ಒಂದು ಪಿಎಚ್ ಅಂಕಕ್ಕೆ 59 ಮಿಲಿವೋಲ್ಟ್‌ನಂತೆ ಆಮ್ಲೀಯತೆಯನ್ನು ಹೇಳುತ್ತದೆ.

ಬೋರ್ಡೋ ತಯಾರಿಸುವವರಿಗೆ ಈ ಲೆಕ್ಕದಿಂದ ಬರುವ ಸೂಚನೆಗಳು ನೇರವಾದವು. ಮೈಲುತುತ್ತವನ್ನು ಕಬ್ಬಿಣದ ಅಥವಾ ಸತು ಲೇಪಿಸಿದ ತಗಡಿನ ಪಾತ್ರೆಯಲ್ಲಿ ಕರಗಿಸಬಾರದು. ಪಾತ್ರೆಯ ಲೋಹ ಕರಗಿ, ಔಷಧಿಯಾಗಬೇಕಾದ ತಾಮ್ರ ಗೋಡೆಗೆ ಹತ್ತುತ್ತದೆ. ಪ್ಲಾಸ್ಟಿಕ್ ಅಥವಾ ಮರದ ಪಾತ್ರೆ ಸೂಕ್ತ. ಪರೀಕ್ಷೆಗೆ ಸ್ಟೇನ್‌ಲೆಸ್ ಸ್ಟೀಲಿನ ಚಾಕು ಬೇಡ. ಅದರ ಮೇಲಿನ ಕ್ರೋಮಿಯಂ ಆಕ್ಸೈಡ್ ಪೊರೆ ಬಿಡಿ ತಾಮ್ರವಿದ್ದರೂ ಇಲ್ಲವೆಂಬಂತೆ ತೋರಿಸಬಹುದು. ತುಕ್ಕು, ಎಣ್ಣೆ ಇಲ್ಲದಂತೆ ತಿಕ್ಕಿದ ಸಾದಾ ಕಬ್ಬಿಣದ ಅಲಗೇ ಬೇಕು. ಅದು ಕೆಂಪಾದರೆ ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಬೆರೆಸಿ ಮತ್ತೆ ನೋಡಬೇಕು, ಮತ್ತು ಸಿದ್ಧವಾದ ದ್ರಾವಣವನ್ನು ಅದೇ ದಿನ ಸಿಂಪಡಿಸಿ ಮುಗಿಸಬೇಕು.