ಹೆಬ್ಬೆಟ್ಟು ಒತ್ತುವ ಮೊದಲು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಂದ ಬಂದಿರುವ ಸಿಸ್ಟರ್‌ಗಳೇ, ಎ.ಎನ್.ಎಂ. ಅಕ್ಕಂದಿರೇ, ಆಶಾ ಕಾರ್ಯಕರ್ತೆಯರೇ, ನರ್ಸಿಂಗ್ ವಿದ್ಯಾರ್ಥಿಗಳೇ,

ನಿಮ್ಮಲ್ಲಿ ಎಷ್ಟೋ ಮಂದಿ ರಾತ್ರಿ ಪಾಳಿ ಮುಗಿಸಿಕೊಂಡು ನೇರವಾಗಿ ಧುಪದಾಳದ ಈ ಸಮ್ಮೇಳನಕ್ಕೆ ಬಂದಿದ್ದೀರಿ. ನನಗಿಂತ ಮೊದಲು ಈ ಸಮ್ಮೇಳನವನ್ನು ಮುನ್ನಡೆಸಿದವರು ಪಗಾರ, ವಸತಿಗೃಹ, ವರ್ಗಾವಣೆಯ ವಿಷಯದಲ್ಲಿ ದುಡಿದರು. ಅವರಿಗೆ ನಾವೆಲ್ಲ ಋಣಿ. ಇನ್ನು ವಿಷಯಕ್ಕೆ ಬರುತ್ತೇನೆ.

ಪುರಾವೆ ಆಧರಿಸಿದ ಶುಶ್ರೂಷೆ ಎಂದರೆ ದೊಡ್ಡ ಊರಿನ ಸೆಮಿನಾರಿನ ಮಾತು ಎಂದು ನಮ್ಮವರೇ ತಿಳಿದಿದ್ದಾರೆ. ಆದರೆ ಜಗತ್ತು ಒಪ್ಪಿಕೊಂಡ ಒಂದು ದೊಡ್ಡ ಪುರಾವೆ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ, ಅಲ್ಲಿನ ಸಹಾಯಕ ಶುಶ್ರೂಷಕಿಯರಾದ ಎ.ಎನ್.ಎಂ.ಗಳ ಕೈಯಲ್ಲೇ ಹುಟ್ಟಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು 2002ರಿಂದ 2005ರವರೆಗೆ 1,620 ಹೆಂಗಸರಲ್ಲಿ, ಹೆರಿಗೆಯ ನಂತರದ ರಕ್ತಸ್ರಾವ ತಡೆಯಲೆಂದು, ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಪರೀಕ್ಷಿಸಿದರು. ಅರ್ಧ ಜನರಿಗೆ ನಿಜವಾದ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸಿ ಅದನ್ನು ನುಂಗಿಸಿದವರು ಎ.ಎನ್.ಎಂ.ಗಳು. ಹೆರಿಗೆಯ ನಂತರದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಹೆಚ್ಚಿನ ಸಲ ಕಡಿಮೆಯಾಗುತ್ತದೆಂದು, ತಾಯಿಯ ಕೆಳಗೆ ಹಾಸುವ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಸನ್ನು ಆ ಪರೀಕ್ಷೆಗೆಂದೇ ರೂಪಿಸಿದರು. ಅಂಥದ್ದೇ ಹಾಸು ಬಳಸಿ, ರಕ್ತ ಗೆರೆ ಮುಟ್ಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರುಮಾಡಿದರೆ ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತ ನೂರಕ್ಕೆ 60ರಷ್ಟು ತಗ್ಗುತ್ತದೆ ಎಂದು 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ ಅಧ್ಯಯನ ತೋರಿಸಿತು. ನಮ್ಮ ಜಿಲ್ಲೆಯಲ್ಲಿ ರೂಪುಗೊಂಡ ಆ ಹಾಸು ನಮ್ಮ ಪ್ರತಿಯೊಂದು ಹೆರಿಗೆ ಕೋಣೆಗೂ ಬರಬೇಕು. ಇದು ನನ್ನ ಮೊದಲ ಬೇಡಿಕೆ.

ನಾನು ವರ್ಷಗಟ್ಟಲೆ ಜಗಳವಾಡಿದ್ದು ಮಾತ್ರ ಬೇರೊಂದು ವಿಷಯಕ್ಕೆ. ಗರ್ಭಕೋಶ ತೆಗೆಸಿಕೊಳ್ಳಲು ನಮ್ಮ ಹೆಣ್ಣುಮಕ್ಕಳು ಹೇಗೆ ಒಪ್ಪಿಗೆ ಕೊಡುತ್ತಾರೆ? ಆ ಹೊತ್ತಿನಲ್ಲಿ ನಾವು ಎಲ್ಲಿರುತ್ತೇವೆ?

ನಿಮಗೆಲ್ಲ ಗೊತ್ತಿರುವ ದೃಶ್ಯವೇ. ಮೂವತ್ತೆರಡು ಮೂವತ್ಮೂರರ ಹೆಣ್ಣುಮಗಳು, ಕಬ್ಬಿನ ಗದ್ದೆಯಲ್ಲಿ ದುಡಿಯುವವಳು. ಗಂಡ, ಅತ್ತೆ ಜೊತೆಗಿದ್ದಾರೆ. ಪರದೆಯ ಹಿಂದೆ ಬಿ.ಪಿ. ಪಟ್ಟಿ ಕಟ್ಟುವಾಗ ನಮ್ಮ ಕಿವಿಯಲ್ಲಷ್ಟೇ ಹೇಳುತ್ತಾಳೆ: "ಸಿಸ್ಟರ್, ಬಿಳಿ ಬಾಳ ಹೋಗತೈತ್ರಿ. ನಡಾ ಹಿಡಕೊಂಡ ಬಿಡತೈತಿ." ಡಾಕ್ಟರ ಮುಂದೆ ಅದನ್ನು ಹೇಳುವವಳು ಅತ್ತೆ. ಸ್ಕ್ಯಾನಿಂಗ್ ಆಗುತ್ತದೆ. "ಚೀಲ ಬಾತೈತಿ, ಇಟಗೊಂಡ್ರ ಮುಂದ ಕ್ಯಾನ್ಸರ್ ಆಕ್ಕೈತಿ" ಎಂಬ ಮಾತು ಬರುತ್ತದೆ. ಮರುದಿನ ಇಂಗ್ಲಿಷಿನ ಒಪ್ಪಿಗೆ ಪತ್ರದ ಮೇಲೆ ಗಂಡ ಸಹಿ ಹಾಕುತ್ತಾನೆ, ಆಕೆ ಹೆಬ್ಬೆಟ್ಟು ಒತ್ತುತ್ತಾಳೆ. ಬೆರಳಿನ ನೀಲಿ ಮಸಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವವರು ನಾವು. ಸಾಕ್ಷಿ ಎಂದಿರುವ ಜಾಗದಲ್ಲಿ ಸಹಿ ಹಾಕುವವರೂ ನಾವೇ. ಯಾವುದಕ್ಕೆ ಸಾಕ್ಷಿ? ಆಕೆಗೆ ಎಲ್ಲ ತಿಳಿಸಿದ್ದಕ್ಕೋ, ಮಸಿ ಹತ್ತಿದ್ದಕ್ಕೋ?

ಬಿಳಿ ಹೋಗುವುದಕ್ಕೆ ಸೋಂಕು ಕಾರಣವಾಗಿದ್ದರೆ ಅದಕ್ಕೆ ಗುಳಿಗೆ ಇದೆ; ಕೆಲವು ಸೋಂಕುಗಳಲ್ಲಿ ಗಂಡನಿಗೂ ಕೊಡಬೇಕು. ಮುಟ್ಟಿನ ರಕ್ತ ಅತಿಯಾದರೆ ಟ್ರಾನೆಕ್ಸಾಮಿಕ್ ಆಸಿಡ್ ಇದೆ, ಹಾರ್ಮೋನ್ ಗುಳಿಗೆ ಇದೆ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ಸಾಧನ ಇದೆ. ಕ್ಯಾನ್ಸರ್ ಇದ್ದಾಗ, ದೊಡ್ಡ ಗಡ್ಡೆ ಔಷಧಿಗೆ ಬಗ್ಗದಿದ್ದಾಗ, ಗರ್ಭಕೋಶ ಜಾರಿ ಹೊರಬಂದಾಗ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದನ್ನು ಯಾರೂ ಬೇಡ ಎನ್ನುವುದಿಲ್ಲ. ಆದರೆ ಮೂವತ್ತರ ಹರೆಯದಲ್ಲಿ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮುಟ್ಟು ನಿಂತ ಮುದುಕಿಯ ಮೈ ಒಂದೇ ದಿನದಲ್ಲಿ ಬರುತ್ತದೆ. ಎಲುಬು ಸವೆಯುತ್ತದೆ, ಹೃದಯಕ್ಕೂ ಅಪಾಯ. ಕೂಲಿ ಮಾಡಿ ಬದುಕುವವಳಿಗೆ ಎಲುಬೇ ಆಸ್ತಿ. ಈ ಮಾತು ಆಕೆಗೆ ತಿಳಿದಿರಬೇಕಲ್ಲವೇ?

ಕಾನೂನು ನಮ್ಮ ಪರವಾಗಿಯೇ ಇದೆ. ಪರೀಕ್ಷೆಗೆಂದು ಒಪ್ಪಿ ಮಲಗಿದ ಹೆಣ್ಣುಮಗಳ ಗರ್ಭಕೋಶ, ಅಂಡಾಶಯಗಳನ್ನು ಹೊರಗೆ ಕೂತಿದ್ದ ತಾಯಿಯನ್ನು ಕೇಳಿ ತೆಗೆದ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಲ್ಲ, ತಾಯಿಯ ಒಪ್ಪಿಗೆ ಮಗಳದ್ದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ರಾಜ್ಯಗಳು ಮೂರು ತಿಂಗಳಲ್ಲಿ ಅದನ್ನು ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಆ ಮಾರ್ಗಸೂಚಿಯನ್ನು ಕನ್ನಡದಲ್ಲಿ ಕೈಗೆ ಕೊಟ್ಟು, ಕೂರಿಸಿ, ಓದಿಸಿದ ತರಬೇತಿ ಒಂದನ್ನೂ ನಾನು ಕಂಡಿಲ್ಲ.

ಹಿಂದೊಮ್ಮೆ, ನಾನು ಕೆಲಸ ಮಾಡುತ್ತಿದ್ದ ಕಡೆ, ಇಂಥ ಒಬ್ಬಾಕೆಗೆ "ಬೇರೆ ಚಿಕಿತ್ಸೆ ಏನಾದರೂ ಇದೆಯೇ ಎಂದು ಡಾಕ್ಟರನ್ನೇ ಕೇಳಿರಿ" ಎಂದಷ್ಟೇ ಹೇಳಿದೆ. "ಇಂಜೆಕ್ಷನ್ ಕೊಡೂದು ನಿಮ್ಮ ಕೆಲಸ, ಸಲಹೆ ಕೊಡೂದಲ್ಲ" ಎಂದು ವಾರ್ಡಿನ ನಡುವೆ ನನಗೆ ಹೇಳಿದರು. ನನ್ನ ಪಾಳಿಯೂ ಬದಲಾಯಿತು. ಅದನ್ನು ನಾನು ಸಹಿಸಿಕೊಂಡೆ. ಸಹಿಸಲಾಗದ್ದು ನಮ್ಮ ಮನೆಯೊಳಗಿನದು. ಕಳೆದ ಸಮ್ಮೇಳನದ ಠರಾವಿನಲ್ಲಿ "ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಗೆ ವಿವರಿಸುವುದು ಶುಶ್ರೂಷಕಿಯ ಕೆಲಸವೂ ಹೌದು" ಎಂಬ ಸಾಲು ಇತ್ತು. ಡಾಕ್ಟರುಗಳು ಬೇಸರ ಮಾಡಿಕೊಂಡಾರು ಎಂದು ನಮ್ಮ ಹಿರಿಯರೇ ಅದನ್ನು ತೆಗೆಸಿ, ಸಮವಸ್ತ್ರ ಭತ್ಯೆಯ ಸಾಲು ಸೇರಿಸಿದರು. ಭತ್ಯೆ ಬೇಕು, ನಿಜ. ಆದರೆ ಆ ಸಾಲು ಹೋದದ್ದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ತರಬೇತಿಯ ಸ್ಥಿತಿ ನೋಡಿ. ಭಾರತೀಯ ಶುಶ್ರೂಷಾ ಪರಿಷತ್ತು ಐದು ವರ್ಷಕ್ಕೆ 150 ಗಂಟೆ ನಿರಂತರ ಶಿಕ್ಷಣ ಬೇಕೆನ್ನುತ್ತದೆ. ನಾವು ಸಭಾಂಗಣದಲ್ಲಿ ಕೂತು, ಸ್ಲೈಡು ನೋಡಿ, ಊಟ ಮಾಡಿ, ಸರ್ಟಿಫಿಕೇಟ್ ತರುತ್ತೇವೆ. ರೋಗಿಯೊಂದಿಗೆ ಮಾತನಾಡುವುದಕ್ಕೆ ಅಲ್ಲಿ ಇರುವುದು ಒಂದೇ ಸ್ಲೈಡು: ನಗುಮುಖದಿಂದಿರಿ. ನಗುಮುಖದಿಂದ ತಪ್ಪು ಮಾಹಿತಿಯನ್ನೂ ಕೊಡಬಹುದು. ಕಲಿಯಬೇಕಾದ್ದು ಬೇರೆ ಇದೆ. ಮನೆಯವರನ್ನು ಮರ್ಯಾದೆಯಿಂದಲೇ ಹೊರಗೆ ಕೂರಿಸಿ ಆಕೆಯೊಬ್ಬಳನ್ನೇ ಮಾತಾಡಿಸುವುದು. ಹೇಳಿದ್ದು ತಿಳಿಯಿತೇ ಎಂದು ಕೇಳದೆ ತಿರುಗಿ ಹೇಳಿಸುವುದು. "ತಿಳೀತೇನ್ರಿ?" ಎಂದರೆ ಯಾರಾದರೂ ಹೂಂ ಅಂದೇ ಅನ್ನುತ್ತಾರೆ. "ಅಕ್ಕಾರ, ನಿಮ್ಮ ತವರಮನಿಯವರು ಏನ್ ಆಪರೇಷನ್ ಅಂತ ಕೇಳಿದ್ರ ಏನ್ ಹೇಳ್ತೀರಿ?" ಎಂದು ಕೇಳಿ ನೋಡಿ. "ಬಿಳಿ ನಿಲ್ಲಾಕ ಗಡ್ಡಿ ತಗೀತಾರಂತ" ಎಂಬ ಉತ್ತರ ಬಂದರೆ, ಆಕೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ ಎಂದೇ ಅರ್ಥ.

ಹಾಗಾಗಿ ನಾನು ಕೇಳುವುದು ಇಷ್ಟು. ಒಪ್ಪಿಗೆ ಪತ್ರ ಕನ್ನಡ, ಮರಾಠಿ, ಉರ್ದುವಿನಲ್ಲಿರಲಿ. ಬೇರೆ ಯಾವ ಚಿಕಿತ್ಸೆ ಕೊಟ್ಟು ನೋಡಿದ್ದಾರೆ, ಅಂಡಾಶಯ ಉಳಿಸುತ್ತಾರೋ ಇಲ್ಲವೋ ಎಂಬುದಕ್ಕೆ ಅದರಲ್ಲಿ ಜಾಗವಿರಲಿ. ತುರ್ತಿಲ್ಲದ ಶಸ್ತ್ರಚಿಕಿತ್ಸೆಗೆ ಕನಿಷ್ಠ ಒಂದು ದಿನ ಮೊದಲು ವಿವರಣೆ ಆಗಲಿ, ಜೊತೆಗಿದ್ದ ಶುಶ್ರೂಷಕಿಯ ಹೆಸರು ಕೇಸ್ ಪೇಪರಿನಲ್ಲಿ ಬರಲಿ. ನಲವತ್ತರೊಳಗಿನವರಿಗೆ ಎರಡನೇ ವೈದ್ಯರ ಅಭಿಪ್ರಾಯ ಕಡ್ಡಾಯವಾಗಲಿ. ತಿಂಗಳಿಗೆ ಎರಡು ತಾಸು, ಸಭಾಂಗಣದಲ್ಲಲ್ಲ, ವಾರ್ಡಿನಲ್ಲೇ, ನಡೆದ ಕೇಸುಗಳನ್ನೇ ಇಟ್ಟುಕೊಂಡು ಅಭ್ಯಾಸ ನಡೆಯಲಿ. ಮೂರೂ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ಬಾಗಿಲು ಮುಚ್ಚಿ ಮಾತಾಡುವಂಥ ಒಂದು ಕೋಣೆ, ಮಾತಾಡಲಿಕ್ಕೆಂದೇ ಒಬ್ಬ ಶುಶ್ರೂಷಕಿ ಬೇಕು. ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ ಓಡಾಡುವ ಕಡೆ ಇದು ದೂರದ ಆಸೆ ಎಂದು ಬಲ್ಲೆ. ಆದರೂ ಕೇಳುತ್ತೇನೆ. ಆ ಕೋಣೆಯಲ್ಲಿ ಬರೆದಿಟ್ಟ ಲೆಕ್ಕ ಮುಂದೆ ನಮ್ಮದೇ ಇನ್ನೊಂದು ಅಧ್ಯಯನವಾಗಲಿ ಎಂಬ ಆಸೆಯೂ ಇದೆ.

ಮಧ್ಯಾಹ್ನದ ಗೋಷ್ಠಿಯಲ್ಲಿ ಠರಾವು ಮತಕ್ಕೆ ಬರುತ್ತದೆ. ತೆಗೆದುಹಾಕಿದ್ದ ಸಾಲನ್ನು ನಾನು ಮತ್ತೆ ಸೇರಿಸಿದ್ದೇನೆ. ಅದು ಬೇಡ ಎನ್ನುವವರು ಈ ಸಲ ಎದ್ದು ನಿಂತು, ಎಲ್ಲರ ಮುಂದೆ ಕಾರಣ ಹೇಳಬೇಕು.