ಆಶ್ವಯುಜ ಮಾಸವೂ ನಮ್ಮ ಪುರಾಣದ ಪುಸ್ತಕವೂ

(ಶರನ್ನವರಾತ್ರಿಯ ಮೊದಲ ಸಂಜೆ ಕರಣಕೋಟದಲ್ಲಿ ಮಾಡಿದ ಭಾಷಣ)



ಪುರಾಣ ಆರಂಭವಾಗುವ ಮುನ್ನ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾನು ಪಂಡಿತನಲ್ಲ, ಬಹಳ ವರ್ಷ ಇದೇ ಊರಿನಲ್ಲಿ ಪುರಾಣ ಓದಿದವನು, ಅಷ್ಟೆ.

ಹುಣ್ಣಿಮೆಯ ಚಂದ್ರ ಅಶ್ವಿನಿ ನಕ್ಷತ್ರದ ಬಳಿ ಇರುವುದರಿಂದ ಈ ಮಾಸಕ್ಕೆ ಆಶ್ವಯುಜವೆಂದು ಹೆಸರು. ಪಾಡ್ಯದಿಂದ ನವರಾತ್ರಿ, ದಶಮಿಗೆ ಬನ್ನಿ, ನಡುವೆ ಶೀಗಿ ಹುಣ್ಣಿಮೆ, ಕಡೆಗೆ ನರಕ ಚತುರ್ದಶಿ ಮತ್ತು ದೀಪಾವಳಿ ಅಮಾವಾಸ್ಯೆ. ಶೀಗಿ ಹುಣ್ಣಿಮೆಯಂದು ಹೊಲಕ್ಕೆ ಚರಗ ಚೆಲ್ಲುವ ಸಂಭ್ರಮ ಧಾರವಾಡ, ವಿಜಯಪುರದ ಕಡೆ ಹೆಚ್ಚು. ನಮ್ಮ ಸೀಮೆಗೆ ಎಳ್ಳ ಅಮಾವಾಸ್ಯೆಯೇ ದೊಡ್ಡದು. ಉತ್ತರದವರ ಪಂಚಾಂಗದಲ್ಲಿ ಹುಣ್ಣಿಮೆಗೇ ಮಾಸ ಮುಗಿಯುತ್ತದೆ. ಆದ್ದರಿಂದ ಸಿಮೆಂಟ್ ಕಾರ್ಖಾನೆಗೆಂದು ಬಂದ ಉತ್ತರದ ಬಂಧುಗಳು ದೀಪಾವಳಿಯನ್ನು ಕಾರ್ತಿಕದ ಹಬ್ಬ ಎಂದರೆ ಯಾರೂ ವಾದಕ್ಕೆ ನಿಲ್ಲಬೇಡಿ. ಅಮಾವಾಸ್ಯೆ ಒಂದೇ!

ಈ ಮಾಸಕ್ಕೂ ನಮ್ಮ ಊರಿನ ಹಣೆಬರಹಕ್ಕೂ ಒಂದು ನಂಟಿದೆ. ಗುಲಬರ್ಗಾ ಜಿಲ್ಲೆಗೆ ಸೇರಿದ್ದ ನಮ್ಮ ತಾಂಡೂರು ತಾಲ್ಲೂಕು, ಕೊಡಂಗಲ್ ತಾಲ್ಲೂಕಿನೊಂದಿಗೆ ಆಂಧ್ರಪ್ರದೇಶಕ್ಕೆ ಹೋದದ್ದು 1956ರ ನವೆಂಬರ್ 1ರಂದು. ಅಂದು ದೀಪಾವಳಿ ಅಮಾವಾಸ್ಯೆಯ ಮುನ್ನಾದಿನ. ವಿಕಾರಾಬಾದ್ ಜಿಲ್ಲೆ ಹುಟ್ಟಿದ್ದು 2016ರ ಅಕ್ಟೋಬರ್ 11ರಂದು. ಅಂದು ವಿಜಯದಶಮಿ. ಕಚೇರಿ ಬದಲಾಯಿತು, ಕಾಗದಪತ್ರದ ಭಾಷೆ ಬದಲಾಯಿತು. ತಾಂಡೂರಿನ ಪಕ್ಕದಲ್ಲಿ ಹರಿಯುವ ಕಾಗಿಣಾ ಮಾತ್ರ ಎಂದಿನಂತೆ ಮಳಖೇಡದ ಕಡೆಗೇ ಹರಿಯುತ್ತಿದ್ದಾಳೆ.

ಬಂದ ತೆಲುಗನ್ನು ನಾವು ಹೊರಗಿನದೆಂದು ಎಣಿಸಲಿಲ್ಲ, ಎಣಿಸಲೂ ಬಾರದು. ಮಹಾಲಯ ಅಮಾವಾಸ್ಯೆಯಿಂದ ದುರ್ಗಾಷ್ಟಮಿಯವರೆಗೆ ನಮ್ಮ ಹೆಣ್ಣುಮಕ್ಕಳು ಬತುಕಮ್ಮ ಆಡುತ್ತಾರೆ. 2014ರಲ್ಲಿ ತೆಲಂಗಾಣ ಸರಕಾರ ಅದನ್ನು ರಾಜ್ಯದ ಹಬ್ಬವೆಂದು ಸಾರಿತು. ಅದಕ್ಕೆ ಜೋಡಿಸುವ ತಂಗೇಡು ಹೂವು ನಮ್ಮ ತಂಗಡಿಯೇ. ದಸರೆಯಂದು ಅವರು ಜಮ್ಮಿಯ ಎಲೆಯನ್ನು ಬಂಗಾರಂ ಎಂದು ಕೈಗಿಡುತ್ತಾರೆ. ನಾವು ಅದೇ ಎಲೆ ಕೊಟ್ಟು "ಬನ್ನಿ ತೊಗೊಂಡು ಬಂಗಾರದ್ಹಂಗ ಇರೋಣ" ಎನ್ನುತ್ತೇವೆ.

ಆದರೆ ಒಂದು ಸಂಗತಿ ನನ್ನ ನಿದ್ದೆ ಕೆಡಿಸಿದೆ. ಘಟಸ್ಥಾಪನೆಯಾದ ಮೇಲೆ ಒಂಬತ್ತು ದಿನ ನಾವು ಓದುವುದು ಚಿದಾನಂದ ಅವಧೂತರ ಶ್ರೀದೇವಿ ಮಹಾತ್ಮೆ. ಮಾರ್ಕಂಡೇಯ ಪುರಾಣದ ದೇವಿಯ ಕಥೆಯನ್ನು ಆ ಮಹನೀಯರು ಭಾಮಿನಿ ಷಟ್ಪದಿಯಲ್ಲಿ, ಒಕ್ಕಲಿಗನೂ ಬಾಯಿಪಾಠ ಮಾಡುವಂತೆ ಹಾಡಿದರು. ಅದು ಹದಿನೆಂಟು ಅಧ್ಯಾಯಗಳ ಗ್ರಂಥ, ದಿನಕ್ಕೆ ಎರಡು. ಸಿಂಧನೂರು ತಾಲ್ಲೂಕಿನ ಅಂಬಾಮಠ ಅವರ ಸಿದ್ಧಿಯ ಸ್ಥಳ. ನಾನು ಚಿಕ್ಕವನಿದ್ದಾಗ ಓದಲು ಸರದಿ ಸಿಗುತ್ತಿರಲಿಲ್ಲ, ಅಷ್ಟು ಜನ. ಈಗ ಓದುವವರು ಇಬ್ಬರು. ಇಬ್ಬರಿಗೂ ಕನ್ನಡಕ, ಒಬ್ಬರಿಗೆ ದಮ್ಮು. ಆ ಒಬ್ಬ ನಾನೇ.

ಮಕ್ಕಳನ್ನು ಬೈದು ಫಲವಿಲ್ಲ. ಮನೆಯಲ್ಲಿ ಕನ್ನಡ ಮಾತಾಡುತ್ತವೆ, ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದುತ್ತವೆ. ಕನ್ನಡ ಅಕ್ಷರ ಕಲಿಸಿದವರು ಯಾರು? ನಾವು ಕಲಿಸಲಿಲ್ಲ. ಹೋದ ವರ್ಷ ನನ್ನ ಮೊಮ್ಮಗಳು ಪುಸ್ತಕ ನೋಡಿ, "ತಾತಾ, ನೀ ಹೇಳು, ನಾ ಬರಕೋತೀನಿ" ಅಂದಳು. ಬರೆದದ್ದು ತೆಲುಗು ಅಕ್ಷರದಲ್ಲಿ. ಮೊದಲು ಸಿಟ್ಟು ಬಂತು. ಆಮೇಲೆ ಅವಳು ಆ ಕಾಗದ ಹಿಡಿದು ಪದ್ಯ ಓದಿದಾಗ ಎಲ್ಲಿಯೂ ಷಟ್ಪದಿಯ ನಡೆ ಮುರಿಯಲಿಲ್ಲ. ನಮ್ಮ ಮನೆಯವಳು ಒಳಗಿನಿಂದ ಬಂದು ಕೈ ಮುಗಿದು ಕುಳಿತಳು.

ಕೆಲವು ಹಿರಿಯರು ಇದನ್ನು ಒಪ್ಪಲಿಲ್ಲ. ಗ್ರಂಥವನ್ನು ಬೇರೆ ಲಿಪಿಗೆ ಇಳಿಸಿದರೆ ಕನ್ನಡದ ಗತಿಯೇನು ಎಂದರು. ಅವರ ಮಾತಿನಲ್ಲಿ ಸತ್ಯವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಕ್ಷರ ಬರುವವರೆಗೆ ಪೀಠ ಖಾಲಿ ಇಡುವುದು ನನಗೆ ಸರಿ ಕಾಣಲಿಲ್ಲ. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು. ಈ ಬೇಸಿಗೆಯಲ್ಲಿ ಮೊಮ್ಮಗಳು ತನ್ನ ತೆಲುಗು ಕಾಗದವನ್ನೂ ಕನ್ನಡ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಅಕ್ಷರ ಹೋಲಿಸುತ್ತ ಕುಳಿತಳು. ಅರ್ಧಕ್ಕರ್ಧ ಅಕ್ಷರ ತಾನಾಗಿಯೇ ಗುರುತು ಸಿಕ್ಕವು. ಉಳಿದವನ್ನು ನಾನು ತೋರಿಸಿಕೊಟ್ಟೆ.

ಸಮಿತಿಯವರ ಒಪ್ಪಿಗೆ ಪಡೆದಿದ್ದೇನೆ. ಇಂದು ಮೊದಲನೆಯ ಅಧ್ಯಾಯವನ್ನು ಅವಳು ಓದುವಳು, ಕನ್ನಡ ಪುಸ್ತಕವನ್ನೇ ನೋಡಿ. ಎರಡನೆಯದನ್ನು ಓದುವ ಹುಡುಗನ ಕೈಯಲ್ಲಿ ಇನ್ನೂ ತೆಲುಗು ಕಾಗದವಿದೆ. ತಪ್ಪಿದರೆ ನಾನು ಪಕ್ಕದಲ್ಲಿ ಕುಳಿತಿರುತ್ತೇನೆ, ಯಾರೂ ನಗಬೇಡಿರಿ. ದೀಪಕ್ಕೆ ಎಣ್ಣೆ ಹಾಕಿರಿ, ಮಕ್ಕಳು ಪೀಠದ ಹತ್ತಿರ ಬರಲಿ.